ಹವ್ಯಾಸಿ, ವೃತ್ತಿನಿರತ ಮತ್ತು ಪ್ರಕಾಶ್ ಪಡುಕೋಣೆ

1982ರ ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ದೆಹಲಿಯಲ್ಲಿ ಒಂಬತ್ತನೆಯ ಏಷ್ಯನ್ ಕ್ರೀಡಾಕೂಟವು ಜರುಗಿತು. ಅದಕ್ಕೆಂದೇ ಇಂದ್ರಪ್ರಸ್ಥ ಎಸ್ಟೇಟಿನಲ್ಲಿ ವಿಶಾಲವಾದ ಒಳಾಂಗಣ ಕ್ರೀಡಾಂಗಣವೊಂದನ್ನು ಕಟ್ಟಲಾಗಿತ್ತು. ಇಂದು ಅದಕ್ಕೆ ಇಂದಿರಾ ಗಾಂಧಿಯವರ ಹೆಸರಿದೆ. ಆ ಕೂಟದ ಬ್ಯಾಡ್ಮಿಂಟನ್ ಪುರುಷರ ಸಿಂಗಲ್ಸಿನಲ್ಲಿ ಚೀನಾದ ಹಾನ್ ಜಿಯಾನ್ ಚಿನ್ನವನ್ನೂ, ಇಂಡೊನೇಷ್ಯಾದ ಲಿಮ್ ಸ್ವೀ ಕಿಂಗ್ ಬೆಳ್ಳಿಯನ್ನೂ ಪಡೆದರು. ಅದಕ್ಕೆ ಮೊದಲು ಇವರಿಬ್ಬರನ್ನೂ ಜಗತ್ತಿನ ಶ್ರೇಷ್ಠ ಸ್ಪರ್ಧೆಗಳ ಅಂತಿಮ ಪಂದ್ಯಗಳಲ್ಲಿಯೇ ಮಣಿಸಿದ್ದ ಕರ್ನಾಟಕದ ಆಟಗಾರನ ಹೆಸರು ಮಾತ್ರ ಸ್ಪರ್ಧಿಗಳ ಪಟ್ಟಿಯಲ್ಲಿರಲಿಲ್ಲ. ಪ್ರಕಾಶ್ ಪಡುಕೋಣೆಯವರನ್ನು ಹೊರಗಿರಿಸಿದ್ದು ಆಟದ ಕುಂದಲ್ಲ, ಒಂದು ಶಬ್ದದ ಅರ್ಥ.

ಪಡುಕೋಣೆ ಎಂಬುದು ಕುಂದಾಪುರದ ಸೀಮೆಯ ಊರು. ಪ್ರಕಾಶರು ಹುಟ್ಟಿದ್ದು 1955ರಲ್ಲಿ, ಬೆಂಗಳೂರಿನಲ್ಲಿ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣವೇ ಬಾಲಕನಿಗೆ ಆಟದ ಅಂಗಣ. ಲಗ್ನವಿದ್ದ ದಿನ ಆಟವಿಲ್ಲ. ಅಲ್ಲಿ ಕಲಿತ ಹುಡುಗ 1971ರಲ್ಲಿ ಕಿರಿಯರ ಹಾಗೂ ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಗೆದ್ದು, ಮುಂದೆ ಸತತವಾಗಿ ಒಂಬತ್ತು ವರ್ಷ ಹಿರಿಯರ ಪಟ್ಟವನ್ನು ಬಿಟ್ಟುಕೊಡಲಿಲ್ಲ. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಬಂತು.

ಈ ಅವಧಿಯಲ್ಲಿ ಅವರಿಗೆ ಜೀವನಾಧಾರ ಯೂನಿಯನ್ ಬ್ಯಾಂಕಿನ ಉದ್ಯೋಗ. ಅಂದಿನ ಭಾರತೀಯ ಕ್ರೀಡಾವ್ಯವಸ್ಥೆಯ ಮರ್ಮವೇ ಇಲ್ಲಿದೆ. ಬ್ಯಾಂಕು ಅಥವಾ ರೈಲ್ವೆಯು ಸಂಬಳವನ್ನಿತ್ತು, ರಜೆಯನ್ನೂ ಇತ್ತು ಆಡಲು ಕಳುಹಿಸಿದರೆ ಆತ ಹವ್ಯಾಸಿ; ಆಟವೇ ನೇರವಾಗಿ ಅನ್ನ ನೀಡಿದರೆ ವೃತ್ತಿನಿರತ. ಈ ಭೇದವು ತರ್ಕಕ್ಕಿಂತ ಮರ್ಯಾದೆಯ ಕಲ್ಪನೆಯನ್ನು ಹೆಚ್ಚಾಗಿ ಅವಲಂಬಿಸಿತ್ತೆನ್ನಬೇಕು. ಕನ್ನಡಿಗರಿಗೆ ಈ ಜೋಡಿ ಶಬ್ದಗಳು ರಂಗಭೂಮಿಯಿಂದ ಪರಿಚಿತ; ಆದರೆ ಗುಬ್ಬಿ ವೀರಣ್ಣನವರು ನಾಟಕದಿಂದ ಜೀವಿಸಿದರೆಂದು ಅವರನ್ನು ರಂಗದಿಂದ ಯಾರೂ ಹೊರಗಟ್ಟಲಿಲ್ಲ.

1980ರ ಮಾರ್ಚಿನಲ್ಲಿ ಪ್ರಕಾಶರು ಡೆನ್ಮಾರ್ಕ್, ಸ್ವೀಡನ್ ಮುಕ್ತ ಪಂದ್ಯಾವಳಿಗಳನ್ನು ಗೆದ್ದು, ಅದೇ ಓಟದಲ್ಲಿ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಲಿಮ್ ಸ್ವೀ ಕಿಂಗ್‌ರನ್ನು 15-3, 15-10ರಿಂದ ಸೋಲಿಸಿದರು. ಆ ಪ್ರಶಸ್ತಿಯನ್ನು ಗೆದ್ದ ಭಾರತೀಯರಲ್ಲಿ ಅವರೇ ಮೊದಲಿಗರು. ಅನಂತರ ಕೋಪನ್‌ಹೇಗನ್ನಿಗೆ ತೆರಳಿ ಅಲ್ಲಿಯ ಶ್ರೇಷ್ಠ ಆಟಗಾರರೊಡನೆ ಅಭ್ಯಾಸಕ್ಕೆ ನಿಂತರು. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ಪಿನಲ್ಲಿ ಸೋತವರು ಹಾನ್ ಜಿಯಾನ್, 15-0, 18-16. ರಭಸದ ಹೊಡೆತಕ್ಕೆ ಹೆಸರಾದ ಕಿಂಗ್‌ರ ಮುಂದೆಯೂ ಪ್ರಕಾಶರ ಆಯುಧ ಬಲವಲ್ಲ. ಕೊನೆಯ ಗಳಿಗೆಯವರೆಗೆ ಮಣಿಕಟ್ಟಿನಲ್ಲಿ ಮರೆಸಿಟ್ಟ ಹೊಡೆತ ಮತ್ತು ಎದುರಾಳಿಯ ವೇಗವನ್ನೇ ಕುಂದಿಸುವ ತಾಳ್ಮೆ.

ಆದರೆ ಬಹುಮಾನದ ಹಣವನ್ನು ಸ್ವೀಕರಿಸುವ ಆಟಗಾರರಿಗೆ ಅಂತರರಾಷ್ಟ್ರೀಯ ಸಂಸ್ಥೆಯು ‘ಲೈಸೆನ್ಸ್’ ಪಡೆದವರೆಂಬ ವರ್ಗವನ್ನು ಮಾಡಿತ್ತು. ಪ್ರಕಾಶರು ಆ ವರ್ಗಕ್ಕೆ ಸೇರಿದರು. ಏಷ್ಯನ್ ಕೂಟದ ಬಾಗಿಲು ಮುಚ್ಚಿತು. ದೆಹಲಿಯಲ್ಲಿ ಭಾರತದ ಮಾನವನ್ನುಳಿಸಿದ ಸೈಯದ್ ಮೋದಿಯವರು ಸಿಂಗಲ್ಸಿನ ಕಂಚನ್ನು ಗಳಿಸಿದರು. 1980ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರಕಾಶರ ಒಂಬತ್ತು ವರ್ಷಗಳ ಆಳಿಕೆಯನ್ನು ಮುಗಿಸಿದ್ದವರೂ ಇವರೇ. ಆ ಕಂಚನ್ನು ಕೇವಲ ಬದಲಿಯವನ ಗಳಿಕೆಯೆಂದು ಎಣಿಸುವುದು ಅನ್ಯಾಯ. ಆದರೂ ತನ್ನ ನೆಲದಲ್ಲಿ, ತನ್ನ ಜನರ ಮುಂದೆ ಪ್ರಕಾಶರು ಆಡಬಹುದಾಗಿದ್ದ ಅತಿ ದೊಡ್ಡ ಸ್ಪರ್ಧೆ ಅದೇ ಆಗಿತ್ತು, ಆಗ ಅವರಿಗೆ ವಯಸ್ಸು 27.

1983ರಲ್ಲಿ ಕೋಪನ್‌ಹೇಗನ್ನಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವರಿಗೆ ಕಂಚು ಲಭಿಸಿತು. 1986ರ ಸೋಲ್ ಏಷ್ಯನ್ ಕೂಟದಲ್ಲಿ ಅದೇ ಪ್ರಕಾಶರು ಭಾರತ ತಂಡದಲ್ಲಿ ಆಡಿ ಕಂಚನ್ನು ಹಂಚಿಕೊಂಡರು. ಬ್ಯಾಡ್ಮಿಂಟನ್ ಒಲಿಂಪಿಕ್ ಪದಕದ ಆಟವಾದದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. ಅದಕ್ಕೆ ಹಿಂದಿನ ವರ್ಷವೇ ಅವರು ಸ್ಪರ್ಧಾರಂಗದಿಂದ ನಿವೃತ್ತರಾಗಿದ್ದರು.