ಹತ್ತು ನಿಮಿಷದ ವಿಡಿಯೋ ಹಿಂದಿನ ಕೊಸೈನ್ ಅಲೆ

ಮೂಡಲಗಿ ತಾಲ್ಲೂಕಿನ ನಾಗನೂರಿನಲ್ಲಿ ಕುಳಿತು ನೀವು ಯೂಟ್ಯೂಬ್‌ನಲ್ಲಿ ಮಲ್ಲು ಜಮಖಂಡಿ ಅಥವಾ ಶಿವಪುತ್ರ ಯಶಾರಧಾ ಅವರ ಹಾಸ್ಯ ನೋಡುತ್ತಿದ್ದೀರಿ ಎಂದುಕೊಳ್ಳಿ. ಉತ್ತರ ಕರ್ನಾಟಕದ ಆಡುಮಾತೇ ಇಂಥ ವಿಡಿಯೋಗಳ ಬಂಡವಾಳ. ಆಡುಮಾತಿನ ಈ ಕಲೆ ಇಲ್ಲಿಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಮನೆಮಾತಾಗಿಸಿದ ಕುಲಗೋಡ ತಮ್ಮಣ್ಣ, ಅದರಲ್ಲಿ ಹೆಸರಾದ ಕೌಜಲಗಿ ನಿಂಗಮ್ಮ ಇಬ್ಬರೂ ಹಳೆಯ ಗೋಕಾಕ ತಾಲ್ಲೂಕಿನವರೇ. ಆದರೆ ಪಾರಿಜಾತದ ಮೇಳಕ್ಕೊಂದು ಭೌತಿಕ ಮಿತಿಯಿತ್ತು. ದನಿ ಮುಟ್ಟುವಷ್ಟು ದೂರದಲ್ಲಿ ಕುಳಿತವರು ಮಾತ್ರ ಪ್ರೇಕ್ಷಕರು. ಇನ್ನೊಂದೂರಿನವರು ನೋಡಬೇಕೆಂದರೆ ರಾತ್ರಿಯಿಡೀ ಮತ್ತೆ ಆಡಬೇಕು.

ಈ ಮಿತಿಯನ್ನು ಕಳಚಿದ್ದು ಕ್ಯಾಮೆರಾ ಎನ್ನುತ್ತೀರಾ? ಲೆಕ್ಕ ಹಾಕೋಣ. 1280×720 ಅಳತೆಯ ಒಂದು ಚಿತ್ರದಲ್ಲಿ 9,21,600 ಬಿಂದುಗಳಿವೆ. ಬಿಂದುವಿಗೆ 3 ಬೈಟ್‌ನಂತೆ, ಸೆಕೆಂಡಿಗೆ 25 ಚಿತ್ರಗಳಾದರೆ 69 ಮೆಗಾಬೈಟ್. ಹತ್ತು ನಿಮಿಷಕ್ಕೆ ಸುಮಾರು 41 ಗಿಗಾಬೈಟ್! 2016ರ ಮೊದಲಾರ್ಧದಲ್ಲಿ ಒಂದು ಗಿಗಾಬೈಟ್‌ಗೆ ಸುಮಾರು 250 ರೂಪಾಯಿ ಬೆಲೆಯಿತ್ತು. ಅಂದರೆ ಒಂದು ಹಾಸ್ಯಕ್ಕೆ ಹತ್ತು ಸಾವಿರ ರೂಪಾಯಿ. ಅದೇ ವಿಡಿಯೋವನ್ನು ಸೆಕೆಂಡಿಗೆ 2 ಮೆಗಾಬಿಟ್‌ಗೆ ಕುಗ್ಗಿಸಿದರೆ 150 ಮೆಗಾಬೈಟ್ ಸಾಕು. ವೆಚ್ಚ 40 ರೂಪಾಯಿಯೊಳಗೆ.

ಹೀಗೆ ಕುಗ್ಗಿಸುವ ಗಣಿತದ ತಿರುಳನ್ನು ಕೊಟ್ಟವರು ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ಇಂದು ಯು.ವಿ.ಸಿ.ಇ. ಎಂದು ಕರೆಯುವ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ, ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ, ಕೊಸೈನ್ ರೂಪಾಂತರದ ಅಧ್ಯಯನಕ್ಕೆ ಧನಸಹಾಯ ಕೋರಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದರು. ವಿಚಾರ ತೀರಾ ಸರಳವೆಂಬ ಅಭಿಪ್ರಾಯ ಬಂತು, ಹಣ ಬರಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅಹ್ಮದ್ ಕೆಲಸ ಮುಂದುವರಿಸಿದರು. 1974ರ ಜನವರಿಯಲ್ಲಿ ಪ್ರಕಟವಾದ ಅವರ ಪ್ರಬಂಧ ನಾಲ್ಕೇ ಪುಟಗಳದು. ಸರಳವೆನ್ನುವುದು ದೋಷ ಹೇಗಾದೀತು, ನನಗಂತೂ ಅರ್ಥವಾಗಿಲ್ಲ.

ಉಪಾಯ ಇಷ್ಟು. ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ 64 ಸಂಖ್ಯೆಗಳನ್ನು 64 ಕೊಸೈನ್ ವಿನ್ಯಾಸಗಳ ಮೊತ್ತವಾಗಿ ಬರೆಯಿರಿ. ಗೋಡೆ, ಆಕಾಶ, ಮುಖ ಯಾವುದೇ ಇರಲಿ, ನೆರೆಯ ಬಿಂದುಗಳ ಬೆಳಕು ಹೆಚ್ಚುಕಡಿಮೆ ಒಂದೇ ಇರುತ್ತದೆ. ಆದ್ದರಿಂದ ನಿಧಾನವಾಗಿ ಏರಿಳಿಯುವ ಕೆಲವೇ ಅಲೆಗಳ ಗುಣಕಗಳು ದೊಡ್ಡವು. ಉಳಿದವು ಸೊನ್ನೆಯ ಬಳಿ. ಅವನ್ನು ಕೈಬಿಟ್ಟರೂ ಕಣ್ಣಿಗೆ ಅಷ್ಟಾಗಿ ತಿಳಿಯದು. (ಎಂಟೂ ಸಂಖ್ಯೆ ಸಮನಾದ ಒಂದು ಸಾಲನ್ನು ತರಗತಿಯಲ್ಲಿ ಬಿಡಿಸಿ ನೋಡಿ: ಮೊದಲನೆಯದೊಂದೇ ಉಳಿಯುತ್ತದೆ.) ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾದದ್ದನ್ನಷ್ಟೇ ಕಳಿಸುವ ತಂತ್ರ ಇದಕ್ಕೆ ಜೊತೆಯಾಯಿತು. 2003ರ ಎಚ್.264 ಮಾನಕದಲ್ಲಿ ಈ ಎರಡೂ ಇವೆ. ರೂಪಾಂತರ ಮಾತ್ರ ಪೂರ್ಣಾಂಕಗಳಿಗೆ ಹೊಂದಿಸಿದ್ದು.

2005ರ ಏಪ್ರಿಲ್ 23ರಂದು ಯೂಟ್ಯೂಬ್‌ಗೆ ಮೊದಲ ವಿಡಿಯೋ ಏರಿತು, 19 ಸೆಕೆಂಡಿನದು. 2007ರಲ್ಲಿ ಜಾಹೀರಾತಿನ ಹಣದಲ್ಲಿ ತಯಾರಕರಿಗೂ ಪಾಲು ಕೊಡುವ ಯೋಜನೆ ಬಂತು. ನಮ್ಮ ಹಳ್ಳಿಗಳಿಗೆ ಆ ಗಳಿಕೆ ಎಟುಕಲು 2016ರ ಸೆಪ್ಟೆಂಬರ್ ಬೇಕಾಯಿತು: ಜಿಯೋ ತನ್ನ 4ಜಿ ಸೇವೆಯನ್ನು ತಿಂಗಳುಗಟ್ಟಲೆ ಉಚಿತವಾಗಿ ಕೊಟ್ಟಿತು, ಪ್ರೇಕ್ಷಕರು ಹುಟ್ಟಿಕೊಂಡರು.

ಮೇಳದವರು ವೀಳ್ಯವನ್ನು ಊರಿನವರೊಡನೆ ಮಾತಾಡಿ ಗೊತ್ತುಮಾಡಬಹುದಿತ್ತು. ಇಲ್ಲಿ ಕರಾರು ಬರೆಯುವುದು ಕಂಪನಿಯೊಂದೇ. ದೀರ್ಘ ವಿಡಿಯೋದ ಜಾಹೀರಾತಿನಲ್ಲಿ ತಯಾರಕರಿಗೆ ಶೇಕಡಾ 55. 2017ರಲ್ಲಿ ಒಟ್ಟು 10,000 ವೀಕ್ಷಣೆಯಿದ್ದರೆ ಪಾಲು ಸಿಗುತ್ತಿತ್ತು; 2018ರ ಫೆಬ್ರುವರಿಯಿಂದ 1,000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕಾಯಿತು. ಹತ್ತು ನಿಮಿಷದ ಹಾಸ್ಯವನ್ನು 24,000 ಸಲ ಪೂರ್ತಿ ನೋಡಿದರೆ ಅಷ್ಟು ಗಂಟೆಯಾಗುತ್ತದೆ. ಈ ಅಳತೆ ಮುಟ್ಟದ ಸಣ್ಣ ಚಾನೆಲ್‌ಗಳ ಗಳಿಕೆ ನಿಂತಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅಲ್ಲಿ ಕೂಡಿಸಿಕೊಂಡ ಪ್ರೇಕ್ಷಕರನ್ನು ಯಾರೂ ಜೊತೆಗೆ ಕರೆತರಲಾಗಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಕಿರು ವಿಡಿಯೋಗಳನ್ನು ಭಾರತದಲ್ಲೇ ಮೊದಲು ಪ್ರಯೋಗಿಸಿತು. 2023ರಲ್ಲಿ ಅವಕ್ಕೂ ಜಾಹೀರಾತಿನ ಪಾಲು ಗೊತ್ತಾಯಿತು: ಶೇಕಡಾ 45.