ಕಾವಲುಗಾರನ ಕೈದೀಪ

ಇತಿಹಾಸವನ್ನು ಬರೆಯುವವರು ಹಗಲಿನ ಸಂಗತಿಗಳಿಗೆ ಹೆಚ್ಚು ಮರ್ಯಾದೆ ಕೊಡುತ್ತಾರೆ. ಪಟ್ಟಾಭಿಷೇಕ, ಒಪ್ಪಂದ, ಸಭೆಗಳ ಚರ್ಚೆ, ಬಹುಮಟ್ಟಿಗೆ ಯುದ್ಧಗಳು ಕೂಡ ಬೆಳಕಿನ ಹೊತ್ತಿನಲ್ಲಿ ನಡೆದವು. ಆದರೆ ಊರು ಎಂಬುದು ರಾತ್ರಿಯಲ್ಲೂ ಇರುತ್ತದೆ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ, ಶಾಸನದ ಅಕ್ಷರಗಳು ಪುಸ್ತಕದಲ್ಲಿ ನಿದ್ರಿಸುವ ಹೊತ್ತಿನಲ್ಲಿ, ಆ ಶಾಸನದ ಪ್ರತಿನಿಧಿಯಾಗಿ ಒಬ್ಬ ಮನುಷ್ಯ ಕತ್ತಲೆಯಲ್ಲಿ ನಡೆಯುತ್ತಿರುತ್ತಾನೆ. ಅವನ ಕೈಯಲ್ಲಿ ಒಂದು ದೀಪ. ಅವನ ಲಾಠಿಯ ಬಗ್ಗೆ, ಬಂದೂಕಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ದೀಪದ ಬಗ್ಗೆ ಬರೆದವರು ವಿರಳ. ಆದರೂ ಪೊಲೀಸನ ಕೈಗೆ ಎಂಥ ದೀಪವನ್ನು ಕೊಡಬೇಕು, ಯಾವ ದೀಪವನ್ನು ನಂಬಬಹುದು ಎಂಬ ಪ್ರಶ್ನೆ ಸುಮಾರು ಇನ್ನೂರು ವರ್ಷಗಳಿಂದ ನಗರಗಳನ್ನು ಕಾಡಿದೆ. ಕೇಳಲು ಅಂಗಡಿಯ ಲೆಕ್ಕದಂತೆ ತೋರುವ ಈ ಪ್ರಶ್ನೆಯೊಳಗೆ ನಾಗರಿಕತೆಯ ಒಂದು ದೊಡ್ಡ ಲೆಕ್ಕವೇ ಅಡಗಿದೆ.

ಲಂಡನ್ ನಗರದಿಂದ ಆರಂಭಿಸೋಣ. 1829ಕ್ಕೆ ಮೊದಲು ಅಲ್ಲಿನ ರಾತ್ರಿಗಳನ್ನು ಕಾಯುತ್ತಿದ್ದವರು ಕೂಲಿಯ ಕಾವಲುಗಾರರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಲಾಟೀನು; ಗಂಟೆಗೊಮ್ಮೆ ಹೊತ್ತನ್ನು ಕೂಗಿ ಹೇಳುವ ಕೆಲಸ. ಜನ ಅವರನ್ನು ‘ಚಾರ್ಲಿಗಳು’ ಎಂದು ಕರೆದು ನಗುತ್ತಿದ್ದರು. ಅವರ ಲಾಟೀನು ನಾಲ್ಕೂ ದಿಕ್ಕಿಗೆ ಮಂಕಾದ ಬೆಳಕನ್ನು ಚೆಲ್ಲುತ್ತಿತ್ತು. ಇದರಿಂದ ಕಾವಲುಗಾರನಿಗೆ ಕಳ್ಳ ಕಾಣುವುದಕ್ಕಿಂತ ಬಹಳ ಮುಂಚೆ ಕಳ್ಳನಿಗೆ ಕಾವಲುಗಾರ ಕಾಣುತ್ತಿದ್ದ. ದೂರದಿಂದ ತೂಗಾಡುತ್ತ ಬರುವ ಬೆಳಕು ‘ಇಗೋ, ನಾನು ಬಂದೆ’ ಎಂದು ಸಾರುತ್ತಿತ್ತು. ಬುದ್ಧಿವಂತ ಕಳ್ಳ ಪಕ್ಕದ ಓಣಿಗೆ ಸರಿದು, ಬೆಳಕು ಮುಂದೆ ಹೋದ ಮೇಲೆ ತನ್ನ ಕೆಲಸಕ್ಕೆ ಹಿಂದಿರುಗುತ್ತಿದ್ದ.

1829ರಲ್ಲಿ ರಾಬರ್ಟ್ ಪೀಲ್ ಮಹಾಶಯ ಮೆಟ್ರೊಪಾಲಿಟನ್ ಪೊಲೀಸ್ ದಳವನ್ನು ಸ್ಥಾಪಿಸಿದ. ಆ ದಳದ ಪೇದೆಗಳ ಸೊಂಟಪಟ್ಟಿಗೆ ಕ್ರಮೇಣ ಹೊಸ ಬಗೆಯ ಲಾಟೀನೊಂದು ಬಂದು ಸೇರಿತು. ಅದರ ಹೆಸರು ‘ಬುಲ್ಸ್ ಐ’, ಎಂದರೆ ಗೂಳಿಗಣ್ಣು. ತಗಡಿನ ಉರುಳೆ, ಒಳಗೆ ಎಣ್ಣೆಯ ಬುಡ್ಡಿ, ಮುಂದೆ ಕಣ್ಣಿನಂತೆ ಉಬ್ಬಿದ ದಪ್ಪ ಗಾಜು. ಆ ಗಾಜು ಹರಡಿ ಹೋಗುವ ಬೆಳಕನ್ನು ಒಂದು ಕಡೆಗೆ ಕೂಡಿಸಿ ಮುಂದಕ್ಕೆ ಕಳುಹಿಸುತ್ತಿತ್ತು. ಒಳಗಿನ ಇನ್ನೊಂದು ಉರುಳೆಯನ್ನು ತಿರುಗಿಸಿದರೆ ದೀಪ ಆರದೆಯೇ ಬೆಳಕು ಮರೆಯಾಗುತ್ತಿತ್ತು. ಮತ್ತೆ ತಿರುಗಿಸಿದರೆ ಕಣ್ಣು ತೆರೆಯುತ್ತಿತ್ತು. ಕಾವಲಿನ ಇತಿಹಾಸದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಹಳೆಯ ಲಾಟೀನಿನ ಬೆಳಕಿನಲ್ಲಿ ಹಿಡಿದವನೂ ಎದುರಿನವನೂ ಇಬ್ಬರೂ ಕಾಣುತ್ತಿದ್ದರು. ಗೂಳಿಗಣ್ಣಿನ ಮುಂದೆ ಎದುರಿನವನು ಮಾತ್ರ ಬೆಳಕಿನಲ್ಲಿ, ಹಿಡಿದವನು ಕತ್ತಲೆಯಲ್ಲಿ. ನೋಡುವ ಅಧಿಕಾರ ಒಬ್ಬನದಾಯಿತು, ಕಾಣಿಸಿಕೊಳ್ಳುವ ಪಾಡು ಇನ್ನೊಬ್ಬನದಾಯಿತು. ಅಂದಿನಿಂದ ಇಂದಿನವರೆಗೆ ಪೊಲೀಸನ ದೀಪ ಈ ಸ್ವಭಾವವನ್ನು ಬಿಟ್ಟುಕೊಟ್ಟಿಲ್ಲ.

ಆ ಲಾಟೀನಿಗೆ ದೋಷಗಳೂ ಇದ್ದವು. ಎಣ್ಣೆ ಹೊಗೆಯಾಡುತ್ತಿತ್ತು, ನಾರುತ್ತಿತ್ತು. ತಗಡು ಕಾದು ಬೆರಳನ್ನು ಸುಡುತ್ತಿತ್ತು. ಆದರೆ ಚಳಿಗಾಲದ ರಾತ್ರಿಯಲ್ಲಿ ಇದೇ ದೋಷ ಗುಣವಾಗಿ, ಪೇದೆಗಳು ಕೈ ಕಾಯಿಸಿಕೊಳ್ಳುತ್ತಿದ್ದರು. ಬೆಳಕು ಕೆಲವೇ ಹೆಜ್ಜೆಗಳವರೆಗೆ. ಅಷ್ಟು ಬೆಳಕಿನಿಂದ ಏನು ಸಾಧ್ಯವಾಗುತ್ತಿತ್ತು, ಏನು ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು 1888ರ ಎರಡು ರಾತ್ರಿಗಳು ತೋರಿಸಿಕೊಟ್ಟವು.

ಆ ವರ್ಷ ಆಗಸ್ಟ್ 31ರ ನಸುಕಿಗೆ ಮೊದಲು, ಪೂರ್ವ ಲಂಡನ್ನಿನ ಬಕ್ಸ್ ರೋ ಎಂಬ ಬೀದಿಯಲ್ಲಿ ಕೆಲಸಕ್ಕೆ ಹೊರಟಿದ್ದ ಇಬ್ಬರು ಗಾಡಿಯವರು ನೆಲದ ಮೇಲೆ ಬಿದ್ದಿದ್ದ ಹೆಂಗಸೊಬ್ಬಳನ್ನು ಕಂಡರು. ಬಾಗಿ ಕೈ ಮುಟ್ಟಿ ನೋಡಿದರು, ತಣ್ಣಗಿತ್ತು. ಸತ್ತಿದ್ದಾಳೆಯೋ, ಮೂರ್ಛೆ ಹೋಗಿದ್ದಾಳೆಯೋ ಅವರಿಗೆ ನಿಶ್ಚಯವಾಗಲಿಲ್ಲ. ದಾರಿಯಲ್ಲಿ ಪೊಲೀಸನು ಸಿಕ್ಕರೆ ತಿಳಿಸೋಣವೆಂದು ಮುಂದೆ ನಡೆದರು. ಕೆಲವೇ ನಿಮಿಷಗಳಲ್ಲಿ ಗಸ್ತು ತಿರುಗುತ್ತ ಅಲ್ಲಿಗೆ ಬಂದ ಪೇದೆ ಜಾನ್ ನೀಲ್ ತನ್ನ ಲಾಟೀನನ್ನು ಅವಳ ಕಡೆಗೆ ಹಿಡಿದ. ಗಂಟಲು ಕೊಯ್ದಿರುವುದು, ರಕ್ತ ಇನ್ನೂ ಒಸರುತ್ತಿರುವುದು ಅವನಿಗೆ ತಕ್ಷಣ ಕಂಡಿತು. ಪಕ್ಕದ ಬೀದಿಯಲ್ಲಿ ಹೋಗುತ್ತಿದ್ದ ಇನ್ನೊಬ್ಬ ಪೇದೆಯನ್ನು ಅದೇ ಲಾಟೀನಿನ ಸನ್ನೆಯಿಂದ ಕರೆದ. ಸತ್ತವಳು ಮೇರಿ ಆ್ಯನ್ ನಿಕೋಲ್ಸ್. ಮುಂದೆ ‘ಜ್ಯಾಕ್ ದ ರಿಪ್ಪರ್’ ಎಂಬ ಹೆಸರಿನಿಂದ ಕುಖ್ಯಾತವಾದ ಕೊಲೆಗಳ ಸಾಲಿನಲ್ಲಿ ಅವಳ ಹೆಸರು ಮೊದಲಿಗೆ ಬರುತ್ತದೆ. ಒಂದೇ ದೇಹ, ಒಂದೇ ಬೀದಿ, ಒಂದೇ ಕತ್ತಲೆ. ಬರಿಗಣ್ಣಿನ ಇಬ್ಬರಿಗೆ ಸಂಶಯವಾಗಿ ಉಳಿದದ್ದು ದೀಪವಿದ್ದ ಒಬ್ಬನಿಗೆ ಸತ್ಯವಾಗಿ ಕಂಡಿತು.

ಒಂದು ತಿಂಗಳ ಮೇಲೆ, ಸೆಪ್ಟೆಂಬರ್ 30ರ ರಾತ್ರಿ, ಸಿಟಿ ಪೊಲೀಸ್ ದಳದ ಪೇದೆ ಎಡ್ವರ್ಡ್ ವಾಟ್ಕಿನ್ಸ್ ಒಂದೂವರೆ ಗಂಟೆಗೆ ಮೈಟರ್ ಸ್ಕ್ವೇರ್ ಎಂಬ ಚೌಕವನ್ನು ಹಾದುಹೋದ. ಉರಿಯುವ ಲಾಟೀನು ಸೊಂಟದ ಮೇಲಿತ್ತು. ಅಲ್ಲಿ ಅಸಾಮಾನ್ಯವಾದದ್ದೇನೂ ಕಾಣಲಿಲ್ಲ. ಗಸ್ತಿನ ಸುತ್ತು ಮುಗಿಸಿ 1 ಗಂಟೆ 44 ನಿಮಿಷಕ್ಕೆ ಅವನು ಮತ್ತೆ ಅಲ್ಲಿಗೆ ಬಂದಾಗ ಕ್ಯಾಥರೀನ್ ಎಡೋಸ್ ಎಂಬವಳ ಶವ ಅವನೆದುರಿಗೆ ಬಿದ್ದಿತ್ತು. ನಡುವೆ ಹದಿನಾಲ್ಕು ನಿಮಿಷ. ದೀಪದಲ್ಲಿ ಯಾವ ಲೋಪವೂ ಇರಲಿಲ್ಲ. ಪೇದೆಯ ನಿಷ್ಠೆಯಲ್ಲೂ ಲೋಪವಿದ್ದಂತೆ ತೋರುವುದಿಲ್ಲ. ದೀಪ ತಾನು ಬಿದ್ದ ಕಡೆ, ಬಿದ್ದ ಹೊತ್ತಿನಲ್ಲಿ ಮಾತ್ರ ಸತ್ಯವನ್ನು ಹೇಳುತ್ತದೆ. ಉಳಿದ ಕತ್ತಲೆಗೆ ಅದು ಜವಾಬ್ದಾರನಲ್ಲ.

ಎಣ್ಣೆಯ ದೀಪಕ್ಕೆ ಉತ್ತರಾಧಿಕಾರಿಯಾಗಿ ವಿದ್ಯುತ್ತಿನ ದೀಪ ಬಂದದ್ದು ಅಮೆರಿಕದಿಂದ. ಹಳೆಯ ವಿದ್ಯುತ್ಕೋಶಗಳಲ್ಲಿ ದ್ರವವಿರುತ್ತಿತ್ತು, ವಾಲಿಸಿದರೆ ಚೆಲ್ಲುತ್ತಿತ್ತು. ಅಂಥದನ್ನು ಸೊಂಟಕ್ಕೆ ಕಟ್ಟಿಕೊಂಡು ಕಳ್ಳನ ಬೆನ್ನಟ್ಟಲು ಯಾರಿಂದ ಸಾಧ್ಯ? 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಚೆಲ್ಲದ ಒಣಕೋಶವನ್ನು ಸಿದ್ಧಪಡಿಸಿದ ಮೇಲೆ ದಾರಿ ತೆರೆಯಿತು. 1899ರ ಜನವರಿ 10ರಂದು ಡೇವಿಡ್ ಮಿಸೆಲ್ ಎಂಬ ಸಂಶೋಧಕನಿಗೆ ನ್ಯೂಯಾರ್ಕಿನಲ್ಲಿ ಒಂದು ಪೇಟೆಂಟ್ ದೊರೆಯಿತು: ಕೊಳವೆಯೊಳಗೆ ಸಾಲಾಗಿ ಸೆಲ್ಲುಗಳು, ತುದಿಯಲ್ಲಿ ಬಲ್ಬು ಮತ್ತು ಪ್ರತಿಫಲಕ. ನಾವು ಇಂದಿಗೂ ಕೈಯಲ್ಲಿ ಹಿಡಿಯುವ ರೂಪ ಅಂದೇ ಸ್ಥಿರವಾಯಿತು. ಆ ಹಕ್ಕನ್ನು ಪಡೆದು ವ್ಯಾಪಾರಕ್ಕಿಳಿದವನು ಕಾನ್ರಾಡ್ ಹ್ಯೂಬರ್ಟ್. ರಷ್ಯದ ಸಾಮ್ರಾಜ್ಯದಿಂದ ವಲಸೆ ಬಂದು ತನ್ನ ಹೆಸರನ್ನೇ ಬದಲಿಸಿಕೊಂಡಿದ್ದ ಯಹೂದಿ ಮನುಷ್ಯ. ಅವನ ಕಂಪೆನಿಯ ಸರಕೇ ಮುಂದೆ ‘ಎವರೆಡಿ’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು.

ಹೊಸ ಸರಕನ್ನು ಜನ ನಂಬುವಂತೆ ಮಾಡುವುದು ಹೇಗೆ? ಹ್ಯೂಬರ್ಟನ ಕಂಪೆನಿ ಕೆಲವು ದೀಪಗಳನ್ನು ನ್ಯೂಯಾರ್ಕಿನ ಪೊಲೀಸರಿಗೆ ಉಚಿತವಾಗಿ ಕೊಟ್ಟಿತು. ಅವರು ಬರೆದುಕೊಟ್ಟ ಮೆಚ್ಚುಗೆಯ ಮಾತುಗಳನ್ನು ತನ್ನ ಪಟ್ಟಿಯಲ್ಲಿ ಅಚ್ಚುಮಾಡಿಸಿತು. ಪೊಲೀಸನು ನಂಬಿದ ದೀಪವನ್ನು ಗೃಹಸ್ಥನು ನಂಬದಿರುತ್ತಾನೆಯೇ? ಕೈದೀಪವೆಂಬ ವಸ್ತುವಿನ ಕೀರ್ತಿ ಹುಟ್ಟಿದ್ದೇ ಗಸ್ತಿನ ಬೀದಿಯಲ್ಲಿ ಎನ್ನಬೇಕು.

ನಿಜ ಹೇಳಬೇಕೆಂದರೆ, ಆ ಮೊದಲ ದೀಪ ಅಷ್ಟೇನೂ ನಂಬಿಕೆಗೆ ಯೋಗ್ಯವಾಗಿರಲಿಲ್ಲ. ಇಂಗಾಲದ ತಂತಿಯ ಬಲ್ಬು, ದುರ್ಬಲವಾದ ಸೆಲ್ಲು. ಒಂದೆರಡು ಕ್ಷಣ ಹೊತ್ತಿಸಿ ಆರಿಸಬೇಕು. ಸೆಲ್ಲು ಸುಧಾರಿಸಿಕೊಳ್ಳಲು ಬಿಡಬೇಕು. ಹೀಗೆ ಮಿಂಚಿ ಮರೆಯಾಗುವುದರಿಂದಲೇ ಅಮೆರಿಕನ್ನರು ಅದನ್ನು ‘ಫ್ಲ್ಯಾಷ್‌ಲೈಟ್’, ಮಿಂಚುದೀಪ, ಎಂದು ಕರೆದರು. ಇಂಗ್ಲಿಷರು ‘ಟಾರ್ಚ್’ ಎಂಬ ಹಳೆಯ ಮಾತನ್ನೇ ಉಳಿಸಿಕೊಂಡರು. ಆ ಮಾತಿನ ಮೂಲದ ಅರ್ಥ ಪಂಜು, ದೀವಟಿಗೆ. ನಮ್ಮ ಹಳ್ಳಿಯ ಜನ ಇಬ್ಬರ ಗೊಡವೆಗೂ ಹೋಗದೆ ‘ಬ್ಯಾಟರಿ’ ಎಂದುಬಿಟ್ಟರು. ಅಮೆರಿಕದವನು ದೀಪದ ಗುಣವನ್ನು ಕಂಡ, ಇಂಗ್ಲಿಷಿನವನು ಅದರ ವಂಶವನ್ನು ನೆನೆದ, ನಮ್ಮ ರೈತ ಅದರ ಜೀವವೆಲ್ಲಿದೆ ಎಂಬುದನ್ನು ಗುರುತಿಸಿದ. ಸೆಲ್ಲು ಸತ್ತರೆ ದೀಪವೆಲ್ಲಿ? ಮೂರರಲ್ಲಿ ಹೆಚ್ಚು ಅನುಭವದ ಮಾತು ಇದೇ ಎಂದು ನನಗೆ ತೋರುತ್ತದೆ.

ಇಂಗಾಲದ ತಂತಿ ಹೋಗಿ ಟಂಗ್‌ಸ್ಟನ್ ತಂತಿ ಬಂದ ಮೇಲೆ ಬೆಳಕು ನಿಂತು ಉರಿಯತೊಡಗಿತು. ಆದರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪೊಲೀಸರ ದೂರುಗಳು ಹಾಗೆಯೇ ಉಳಿದವು. ತೆಳುವಾದ ತಗಡು ಬಿದ್ದರೆ ನೆಗ್ಗುತ್ತಿತ್ತು. ಗುಂಡಿ ತುಕ್ಕು ಹಿಡಿಯುತ್ತಿತ್ತು. ಹಳೆಯ ಸೆಲ್ಲು ಒಳಗೇ ಒಸರಿ ಕೊಳವೆಯನ್ನು ತಿನ್ನುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ದೀಪ ಕೈಕೊಡುತ್ತಿದ್ದದ್ದು ಬೇಕಾದ ಹೊತ್ತಿನಲ್ಲಿಯೇ. ಮನೆಯಲ್ಲಿ ದೀಪ ಆರಿದರೆ ಮನುಷ್ಯ ಎಡವುತ್ತಾನೆ; ಅಪರಿಚಿತನ ಎದುರಿನಲ್ಲಿ ಪೊಲೀಸನ ದೀಪ ಆರಿದರೆ ಇಬ್ಬರಲ್ಲಿ ಒಬ್ಬನ ಪ್ರಾಣಕ್ಕೆ ಅಪಾಯ. ಕೈಯಲ್ಲಿರುವುದು ಪರ್ಸೋ ಪಿಸ್ತೂಲೋ ಎಂದು ತಿಳಿಯದ ಕತ್ತಲೆಯಲ್ಲಿ ಭಯವೇ ತೀರ್ಪು ಕೊಡುತ್ತದೆ.

ಈ ಕಷ್ಟಕ್ಕೆ ಪರಿಹಾರ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿತು. ಅಲ್ಲಿ ಸ್ವತಃ ಪೊಲೀಸ್ ಕೆಲಸ ಮಾಡಿದ್ದ ಡಾನ್ ಕೆಲ್ಲರ್ 1960ರ ದಶಕದ ಕೊನೆಯ ಭಾಗದಲ್ಲಿ ‘ಕೆಲ್-ಲೈಟ್’ ಎಂಬ ಗಟ್ಟಿಯಾದ ಅಲ್ಯೂಮಿನಿಯಂ ದೀಪವನ್ನು ಹೊರತಂದ. 1979ರಲ್ಲಿ ಟೋನಿ ಮ್ಯಾಗ್ಲಿಕಾನ ‘ಮ್ಯಾಗ್‌ಲೈಟ್’ ಬಂದಿತು. ನ್ಯೂಯಾರ್ಕಿನಲ್ಲಿ ಹುಟ್ಟಿ, ಕ್ರೊಯೇಷಿಯದಲ್ಲಿ ಬಡತನದಲ್ಲಿ ಬೆಳೆದು, ಮತ್ತೆ ಅಮೆರಿಕಕ್ಕೆ ಬಂದ ಈ ಯಂತ್ರಕುಶಲಿ ದೀಪದ ಕೊಳವೆಯನ್ನು ಅಲ್ಯೂಮಿನಿಯಂ ಲೋಹದಿಂದ ಯಂತ್ರದಲ್ಲಿ ಕಡೆದು ಮಾಡಿಸಿದ. ಜೋಡಣೆಗಳಲ್ಲಿ ನೀರು ನುಗ್ಗದಂತೆ ರಬ್ಬರಿನ ಉಂಗುರ, ಜಾರದಂತೆ ಗೀರು ಹಾಕಿದ ಹಿಡಿ, ತಲೆಯನ್ನು ತಿರುಗಿಸಿದರೆ ಕಿರಿದಾಗುವ, ಹಿರಿದಾಗುವ ಬೆಳಕು. ಬಿದ್ದರೂ ಉರಿಯುವ, ಮಳೆಯಲ್ಲೂ ಉರಿಯುವ ದೀಪ ಕಡೆಗೂ ಸಿಕ್ಕಿತು ಎಂದು ಪೊಲೀಸರು ಸಂತೋಷಪಟ್ಟರು.

ಆದರೆ ಹೆಚ್ಚು ಬೆಳಕು ಬೇಕಾದರೆ ಹೆಚ್ಚು ಸೆಲ್ಲು ಬೇಕು. ಹೆಚ್ಚು ಸೆಲ್ಲಿಗೆ ಉದ್ದವಾದ ಕೊಳವೆ ಬೇಕು. ಆರು ದೊಡ್ಡ ಸೆಲ್ಲುಗಳ ದೀಪ ಸುಮಾರು ಅರ್ಧ ಮೀಟರ್ ಉದ್ದ, ಒಂದು ಕಿಲೋಗ್ರಾಮಿಗೂ ಮೀರಿದ ತೂಕ. ಅದನ್ನು ಹೆಗಲ ಮಟ್ಟಕ್ಕೆ ಎತ್ತಿ ಹಿಡಿದವನ ಕೈಯಲ್ಲಿ ಎರಡು ವಸ್ತುಗಳಿದ್ದವು: ಒಂದು ದೀಪ, ಇನ್ನೊಂದು ದೊಣ್ಣೆ. ದೊಣ್ಣೆಗೆ ನಿಯಮಗಳಿದ್ದವು, ಎಲ್ಲಿ ಹೊಡೆಯಬಹುದು, ಎಲ್ಲಿ ಹೊಡೆಯಬಾರದು ಎಂಬ ತರಬೇತಿಯಿತ್ತು. ದೀಪಕ್ಕೆ ಅಂಥ ನಿಯಮಗಳನ್ನು ಬರೆಯಬೇಕೆಂದು ಬಹುಕಾಲ ಯಾರಿಗೆ ತಾನೆ ತೋಚೀತು?

1992ರ ನವೆಂಬರ್ 5ರ ರಾತ್ರಿ ಡೆಟ್ರಾಯಿಟ್ ನಗರದಲ್ಲಿ ಮ್ಯಾಲಿಸ್ ಗ್ರೀನ್ ಎಂಬ ಕಪ್ಪು ಜನಾಂಗದವನನ್ನು ಪೊಲೀಸರು ತಡೆದರು. ಅವನು ಮುಷ್ಟಿಯಲ್ಲಿ ಏನನ್ನೋ ಹಿಡಿದಿದ್ದ, ಬಿಡಲಿಲ್ಲ. ಅವನ ತಲೆಯ ಮೇಲೆ ಬಿದ್ದ ಏಟುಗಳು ಕೈದೀಪದವು; ಅವನು ಸತ್ತ. 1993ರಲ್ಲಿ ಇಬ್ಬರು ಪೊಲೀಸರು ಕೊಲೆಯ ಅಪರಾಧಿಗಳೆಂದು ತೀರ್ಪಾಯಿತು. ಮೇಲ್ಮನವಿ, ಮರುವಿಚಾರಣೆಗಳು ಆಮೇಲೆ ವರ್ಷಗಟ್ಟಲೆ ನಡೆದವು. ಬೀದಿಯ ಕತ್ತಲೆಯನ್ನು ನೀಗಲೆಂದು ಕೊಟ್ಟ ಉಪಕರಣ ನ್ಯಾಯಾಲಯದ ಮುಂದೆ ಆಯುಧವಾಗಿ ಬಂದು ನಿಂತಿತು.

2004ರ ಜೂನ್ 23ರಂದು ಲಾಸ್ ಏಂಜಲಿಸ್ ನಗರದಲ್ಲಿ, ಕದ್ದ ಕಾರಿನಲ್ಲಿ ಓಡಿದ್ದನೆಂಬ ಶಂಕೆಯ ಮೇಲೆ ಬೆನ್ನಟ್ಟಿ ಹಿಡಿದ ಒಬ್ಬನನ್ನು ಪೊಲೀಸನೊಬ್ಬ ಲೋಹದ ಕೈದೀಪದಿಂದ ಹನ್ನೊಂದು ಬಾರಿ ಹೊಡೆದ. ಮೇಲೆ ಹಾರುತ್ತಿದ್ದ ದೂರದರ್ಶನ ಸಂಸ್ಥೆಯ ಹೆಲಿಕಾಪ್ಟರಿನಿಂದ ಅದನ್ನು ಚಿತ್ರೀಕರಿಸಿದರು, ನಾಡೆಲ್ಲ ನೋಡಿತು. ಗೂಳಿಗಣ್ಣಿನ ಕಾಲದಿಂದ ದೀಪದ ಹಿಂದೆ ಮರೆಯಾಗಿ ನಿಂತಿದ್ದವನು ಅಂದು ತಾನೇ ಕಾಣಿಸಿಕೊಂಡ. ಎದುರಿನವನಿಗೆ ಮಾತ್ರ ಇದ್ದ ಪಾಡು ಹಿಡಿದವನಿಗೂ ಬಂದಿತು.

ಈ ಘಟನೆಯ ನಂತರ ಆ ನಗರ ತನ್ನ ದೀಪವನ್ನು ಹೊಸದಾಗಿ ಆರಿಸಲು ಕುಳಿತುಕೊಂಡಿತು. ಕಾಲವೂ ಅನುಕೂಲವಾಗಿತ್ತು. ಅಕಸಾಕಿ, ಅಮಾನೊ, ನಾಕಮುರ ಎಂಬ ಮೂವರು ಜಪಾನೀ ಮೂಲದ ವಿಜ್ಞಾನಿಗಳು ನೀಲಿ ಬೆಳಕು ಬೀರುವ ಡಯೋಡನ್ನು ಸಾಧಿಸಿದ್ದರಿಂದ 1990ರ ದಶಕದಲ್ಲಿ ಬಿಳಿಯ ಬೆಳಕಿನ ಎಲ್.ಇ.ಡಿ. ಹುಟ್ಟಿತ್ತು; ಆ ಸಾಧನೆಗೆ 2014ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಇದರಲ್ಲಿ ಸುಟ್ಟುಹೋಗುವ ತಂತಿಯಿಲ್ಲ, ಒಡೆಯುವ ಗಾಜಿನ ಬುರುಡೆಯಿಲ್ಲ. ಸ್ವಲ್ಪ ವಿದ್ಯುತ್ತಿನಿಂದ ಹೆಚ್ಚು ಬೆಳಕು. ಬೆಳಕಿಗಾಗಿ ಭಾರ ಹೊರಬೇಕೆಂಬ ಹಳೆಯ ನೆಪ ಇಲ್ಲವಾಯಿತು. 2007ರಲ್ಲಿ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆ ‘ಪೆಲಿಕನ್’ ಎಂಬ ಕಂಪೆನಿಯೊಡನೆ ರೂಪಿಸಿದ ಚಿಕ್ಕ, ಹಗುರಾದ ಎಲ್.ಇ.ಡಿ. ದೀಪವನ್ನು ತನ್ನವರ ಕೈಗೆ ಕೊಟ್ಟಿತು. ಹಳೆಯದಕ್ಕಿಂತ ಪ್ರಕಾಶ ಹೆಚ್ಚು. ದೊಣ್ಣೆಯಾಗುವ ಯೋಗ್ಯತೆ ಮಾತ್ರ ಅದಕ್ಕಿಲ್ಲ. ಆ ಅಯೋಗ್ಯತೆಯನ್ನು ಬುದ್ಧಿಪೂರ್ವಕವಾಗಿ ಆರಿಸಿಕೊಂಡದ್ದು ಈ ಇತಿಹಾಸದ ಮುಖ್ಯವಾದ ಸಂಗತಿ.

ಹಾಗಾದರೆ ನಂಬತಕ್ಕ ದೀಪ ಯಾವುದು? ಒಂದೇ ಕೈಯಿಂದ ಹೊತ್ತಿಸಲು ಬರಬೇಕು. ಇನ್ನೊಂದು ಕೈಗೆ ಬೇರೆ ಕೆಲಸವಿರುತ್ತದೆ. ಬಿದ್ದರೆ ಆರಬಾರದು. ಮಳೆಗೆ ಅಂಜಬಾರದು. ರಾತ್ರಿಯ ಪಾಳಿ ಮುಗಿಯುವವರೆಗೆ ಸೆಲ್ಲು ಬಾಳಬೇಕು. ಸಾಯುವ ಮುನ್ನ ಮಂಕಾಗಿಯಾದರೂ ಸೂಚನೆ ಕೊಡಬೇಕು. ಮುಖವನ್ನೂ ಕೈಗಳನ್ನೂ ಒಟ್ಟಿಗೆ ತೋರಿಸುವಷ್ಟು ಅದರ ಬೆಳಕು ಹರಡಬೇಕು; ಬೀದಿಯ ಕೊನೆಯನ್ನು ಮುಟ್ಟುವಷ್ಟು ಕೂಡಿಕೊಳ್ಳಲೂ ಬೇಕು. ಇವೆಲ್ಲ ಪೊಲೀಸನು ದೀಪದ ಮೇಲೆ ಇಡುವ ನಂಬಿಕೆಯ ಲಕ್ಷಣಗಳು. ಆದರೆ ಆ ಬೆಳಕಿನ ಎದುರಿಗೆ ನಿಂತವನೂ ಒಬ್ಬನಿದ್ದಾನೆ. ಕಣ್ಣು ಕೋರೈಸಿ, ಹಿಡಿದವನ ಮುಖ ಕಾಣದೆ, ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ ಅವನೂ ಆ ದೀಪವನ್ನು ನಂಬಬೇಕು. ಅದು ತನ್ನನ್ನು ನೋಡುತ್ತದೆ, ಅಷ್ಟೇ, ಎಂದು ನಂಬಬೇಕು. ಮೊದಲನೆಯ ನಂಬಿಕೆಯನ್ನು ಗಟ್ಟಿ ಲೋಹದಿಂದ ಮಾಡಬಹುದೆಂದು 1979ರ ದೀಪ ತೋರಿಸಿತು. ಎರಡನೆಯದಕ್ಕೆ ಲೋಹವನ್ನು ಕಡಿಮೆ ಮಾಡಬೇಕಾಯಿತು ಎಂಬುದನ್ನು 2007ರ ದೀಪ ಒಪ್ಪಿಕೊಂಡಿತು.

ಬಕ್ಸ್ ರೋ ಬೀದಿಯ ಆ ಎಣ್ಣೆಯ ಲಾಟೀನು ಇಂದಿನ ದೀಪಗಳ ಮುಂದೆ ಮಿಣುಕುಹುಳ. ಆದರೂ ಅದು ಆ ರಾತ್ರಿ ತಾನು ಮಾಡಬೇಕಾದ ಕೆಲಸವನ್ನಷ್ಟೇ ಮಾಡಿತು: ಒಂದು ಗಾಯವನ್ನು ತೋರಿಸಿತು, ಒಬ್ಬ ಜೊತೆಗಾರನನ್ನು ಕರೆಯಿತು. ಕಾವಲುಗಾರನ ಕೈದೀಪದಿಂದ ಊರು ಇಂದಿಗೂ ಕೇಳುವುದು ಇಷ್ಟನ್ನೇ.