ಯೋಗಾಸನವೂ ಯೇಸುವಿನ ಪ್ರಾರ್ಥನೆಯೂ



ಇತಿಹಾಸ ಹೇಳಿಕೊಡುವ ಮೇಷ್ಟರಿಗೆ ತಾವು ಹಿಂದೆ ಹೇಳಿದ ತಪ್ಪು ಪಾಠವನ್ನು ತಿದ್ದಿಕೊಳ್ಳುವ ಅವಕಾಶ ದೊರೆಯುವುದು ಅಪರೂಪ. ನನಗೆ ಅದು ಕಳೆದ ವರ್ಷದ ದಸರಾ ರಜೆಯಲ್ಲಿ ದೊರೆಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವ ಸಲುವಾಗಿ ಈ ಲೇಖನ.

ಮೂವತ್ತೈದು ವರ್ಷಗಳ ಹಿಂದಿನ ಮಾತು. ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳಿಂದ ಸೂರ್ಯನಮಸ್ಕಾರ ಮಾಡಿಸುವ ಹೊಣೆ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಎಂಟನೆಯ ತರಗತಿಯ ಒಬ್ಬ ಹುಡುಗ ಸಾಲಿನಿಂದ ಹೊರಗೆ, ಬೇವಿನ ಮರದ ಕೆಳಗೆ ನಿಂತಿದ್ದ. ಕಾರಣ ಕೇಳಿದೆ. "ನಮ್ಮಮ್ಮ ಬೇಡ ಅಂದಿದಾರೆ ಸಾರ್, ನಾವು ಕ್ರೈಸ್ತರು" ಎಂದ. ನಾನು ನಕ್ಕು, "ಇದು ಬರೀ ಕಸರತ್ತು ಕಣಯ್ಯಾ, ದೇವರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ, ಬಾ" ಎಂದು ಕೈಹಿಡಿದು ಸಾಲಿಗೆ ಸೇರಿಸಿದೆ. ಉಳಿದ ಮಕ್ಕಳೂ ನಕ್ಕರು. ಅವನು ತಲೆತಗ್ಗಿಸಿಕೊಂಡು ಹನ್ನೆರಡೂ ನಮಸ್ಕಾರಗಳನ್ನು ಮುಗಿಸಿದ. ನಾನು ಅಂದೇ ಅದನ್ನು ಮರೆತುಬಿಟ್ಟೆ.

ಅವನು ಮರೆತಿರಲಿಲ್ಲ. ಕಳೆದ ವರ್ಷ ಮನೆಗೆ ಬಂದವನು ಕಾಫಿ ಕುಡಿಯುತ್ತಾ ಆ ದಿನವನ್ನು ನೆನಪಿಸಿದ. "ಸಾರ್, ಈಗ ನಾನು ದಿನಾ ಬೆಳಿಗ್ಗೆ ಆಸನ, ಪ್ರಾಣಾಯಾಮ ಮಾಡ್ತೀನಿ. ಕಸರತ್ತು ಅಂತಲ್ಲ, ಪ್ರಾರ್ಥನೆ ಅಂತ. ಅಮ್ಮನಿಗೆ ಈಗಲೂ ಸಮಾಧಾನವಿಲ್ಲ. ಆದರೆ ಅವತ್ತು ನೀವು ಹೇಳಿದ್ದು ಮಾತ್ರ ನಿಜವಲ್ಲ ಸಾರ್. ದೇವರಿಗೂ ಅದಕ್ಕೂ ಸಂಬಂಧ ಇದೆ ಅಂತಲೇ ಅವತ್ತು ನಾನು ಹೆದರಿದ್ದು, ಇವತ್ತು ಅದಕ್ಕೇ ಮಾಡ್ತಿರೋದು" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವನು ಹೋದ ಮೇಲೆ ಈ ವಿಷಯದ ಬಗ್ಗೆ ತಿಂಗಳುಗಟ್ಟಲೆ ಓದಿದೆ. ಓದಿ ತಿಳಿದುದನ್ನು ಕ್ರಮವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ದೇಹವನ್ನು ಪ್ರಾರ್ಥನೆಯಲ್ಲಿ ತೊಡಗಿಸುವುದು ಕ್ರೈಸ್ತಧರ್ಮಕ್ಕೆ ಹೊಸದೇನಲ್ಲ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆಯು ಯೇಸು ಪರಮದೇವರೋ ಅಲ್ಲವೋ ಎಂಬ ಗಹನವಾದ ವಾದವನ್ನು ತೀರ್ಮಾನಿಸಿತೆಂದು ನಾವು ಪಾಠದಲ್ಲಿ ಓದುತ್ತೇವೆ. ಅದೇ ಸಭೆ ತನ್ನ ಇಪ್ಪತ್ತನೆಯ ಕಟ್ಟಳೆಯಲ್ಲಿ, ಭಾನುವಾರಗಳಂದು ಭಕ್ತರು ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದೂ ವಿಧಿಸಿತು. ಮೊಣಕಾಲೂರುವುದು ಪಶ್ಚಾತ್ತಾಪದ ಭಂಗಿ, ನಿಲ್ಲುವುದು ಪುನರುತ್ಥಾನದ ಭಂಗಿ ಎಂಬುದು ಅಂದಿನ ತಿಳಿವಳಿಕೆ. ದೇಹದ ನಿಲುವಿಗೆ ಅರ್ಥವಿದೆ ಎಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. 13ನೆಯ ಶತಮಾನದಲ್ಲಿ ಸಂತ ಡೊಮಿನಿಕ್‌ರ ಶಿಷ್ಯವರ್ಗವು ತಮ್ಮ ಗುರುಗಳು ಒಂಬತ್ತು ರೀತಿಯಲ್ಲಿ ಪ್ರಾರ್ಥಿಸುತ್ತಿದ್ದುದನ್ನು ಬರೆದಿಟ್ಟಿತು. ತಲೆಬಾಗಿ ನಿಲ್ಲುವುದು, ನೆಲಕ್ಕೆ ಬೋರಲಾಗಿ ಬೀಳುವುದು, ಶಿಲುಬೆಯಂತೆ ತೋಳು ಚಾಚುವುದು, ಬಾಣದಂತೆ ಎರಡೂ ಕೈಗಳನ್ನು ಆಕಾಶದತ್ತ ಎತ್ತುವುದು ಅವುಗಳಲ್ಲಿ ಕೆಲವು.

ಉಸಿರಿನ ವಿಷಯವಂತೂ ಇನ್ನೂ ಸ್ವಾರಸ್ಯಕರ. ಗ್ರೀಸಿನ ಅಥೋಸ್ ಪರ್ವತದ ಸಂನ್ಯಾಸಿಗಳು ತಲೆತಗ್ಗಿಸಿ ಕುಳಿತು, ಉಸಿರಿನ ಲಯಕ್ಕೆ ಹೊಂದಿಸಿ ಯೇಸುವಿನ ನಾಮವನ್ನು ಜಪಿಸುತ್ತಿದ್ದರು. 14ನೆಯ ಶತಮಾನದಲ್ಲಿ ಬಾರ್ಲಾಮ್ ಎಂಬ ವಿದ್ವಾಂಸನು ಇದನ್ನು ಕಂಡು, ಇವರ ಆತ್ಮ ಹೊಕ್ಕುಳಲ್ಲಿದೆ ಎಂದು ಗೇಲಿ ಮಾಡಿದ. ಗ್ರೆಗರಿ ಪಲಮಾಸ್ ಎಂಬ ಸಂತರು ಸಂನ್ಯಾಸಿಗಳ ಪರವಾಗಿ ನಿಂತು, ದೇವರ ಅನುಗ್ರಹ ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ತಲುಪುತ್ತದೆ ಎಂದು ವಾದಿಸಿದರು. 1341ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಡೆದ ಧರ್ಮಸಭೆ ಸಂನ್ಯಾಸಿಗಳ ಪರವಾಗಿ ತೀರ್ಪಿತ್ತಿತು. ಇದು ನಮ್ಮ ಪ್ರಾಣಾಯಾಮದಿಂದಲೇ ಹೋದುದೆಂದು ಹೆಮ್ಮೆಪಡುವವರಿದ್ದಾರೆ. ಹೋಲಿಕೆಯೇ ಋಣಕ್ಕೆ ಸಾಕ್ಷಿಯಾಗಲಾರದು ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇಲ್ಲಿಯೂ ಅದನ್ನೇ ಹೇಳುತ್ತೇನೆ.

ಇನ್ನು ಭಾರತಕ್ಕೆ ಬರೋಣ. 1606ರಲ್ಲಿ ಮಧುರೆಗೆ ಬಂದ ಇಟಲಿಯ ರಾಬರ್ಟ್ ಡಿ ನೊಬಿಲಿ ಕಾವಿಯುಟ್ಟು, ಸಸ್ಯಾಹಾರಿಯಾಗಿ, ಸಂಸ್ಕೃತ ತಮಿಳುಗಳನ್ನು ಕಲಿತು ಬದುಕಿದರು. ಅವರದು ವೇಷಭೂಷಣ, ಆಚಾರಗಳ ಹೊಂದಾಣಿಕೆ. ಯೋಗಸಾಧನೆಯ ಪ್ರಶ್ನೆ ಅಲ್ಲಿರಲಿಲ್ಲ. 1891ರಲ್ಲಿ ಕ್ರೈಸ್ತರಾದ ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ರೈಸ್ತರ ತ್ರಿತ್ವವನ್ನು ಸಚ್ಚಿದಾನಂದವೆಂದು ಸ್ತುತಿಸಿದರು. 1899ರಲ್ಲಿ ನರ್ಮದೆಯ ದಡದಲ್ಲಿ ಜಬಲ್ಪುರದ ಬಳಿ ಮಠವೊಂದನ್ನು ಕಟ್ಟಲು ಹೊರಟರು. ಸಭೆಯ ಹಿರಿಯರು ಒಪ್ಪದ ಕಾರಣ ಆ ಪ್ರಯತ್ನ ಕೈಗೂಡಲಿಲ್ಲ. ಅವರು ರಾಜದ್ರೋಹದ ಮೊಕದ್ದಮೆಯ ನಡುವೆಯೇ 1907ರಲ್ಲಿ ತೀರಿಕೊಂಡರು.

ನರ್ಮದೆಯಲ್ಲಿ ಆಗದ ಕೆಲಸ ಕಾವೇರಿಯಲ್ಲಿ ಆಯಿತು. ಕೊಡಗಿನಲ್ಲಿ ಹುಟ್ಟಿದ ನಮ್ಮ ಕಾವೇರಿ ತಮಿಳುನಾಡಿನ ಕುಳಿತ್ತಲೈ ಬಳಿ ಅಗಲವಾಗಿ ಹರಿಯುತ್ತಾಳೆ. ಅಲ್ಲಿಯ ತನ್ನೀರ್‌ಪಳ್ಳಿ ಎಂಬ ಊರಿನ ತೋಪಿನಲ್ಲಿ 1950ರಲ್ಲಿ ಇಬ್ಬರು ಫ್ರೆಂಚರು ಸಚ್ಚಿದಾನಂದ ಆಶ್ರಮವನ್ನು ಸ್ಥಾಪಿಸಿದರು. ಜನ ಅದನ್ನು ಶಾಂತಿವನ ಎಂದು ಕರೆದರು. ಹಿರಿಯರಾದ ಜೂಲ್ ಮೊನ್ಶಾನ್ಯಾ 1939ರಲ್ಲೇ ಬಂದು ಹಳ್ಳಿಗಳಲ್ಲಿ ಪಾದ್ರಿಯಾಗಿದ್ದವರು. ಕಿರಿಯರಾದ ಆನ್ರಿ ಲ ಸೋ ಬೆನೆಡಿಕ್ಟೀನ್ ಪಂಥದ ಸಂನ್ಯಾಸಿ, 1948ರಲ್ಲಿ ಬಂದವರು. ಇವರೇ ಮುಂದೆ ಸ್ವಾಮಿ ಅಭಿಷಿಕ್ತಾನಂದರೆಂದು ಹೆಸರಾದವರು. 1949ರಲ್ಲಿ ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳ ದರ್ಶನ ಪಡೆದ ಅನುಭವ ಲ ಸೋ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಅರುಣಾಚಲದ ಗುಹೆಗಳಲ್ಲಿ ವಾರಗಟ್ಟಲೆ ಮೌನವಾಗಿ ಕುಳಿತರು. ಅವರು ಅದ್ವೈತಕ್ಕೆ ಹತ್ತಿರವಾದಷ್ಟೂ ಮೊನ್ಶಾನ್ಯಾ ಅದರಿಂದ ಹಿಂದೆ ಸರಿದರು. ಒಂದೇ ಆಶ್ರಮ, ಒಂದೇ ಊಟ, ಒಂದೇ ಪ್ರಾರ್ಥನೆ, ಆದರೆ ಇಬ್ಬರಿಗೂ ಒಂದೇ ನಿಲುವು ಸಾಧ್ಯವಾಗಲಿಲ್ಲ. ಮೊನ್ಶಾನ್ಯಾ 1957ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು. ಅಭಿಷಿಕ್ತಾನಂದರು ಕ್ರಮೇಣ ಹಿಮಾಲಯದ ಉತ್ತರಕಾಶಿಯತ್ತ ಹೋದರು. ಕೊನೆಯವರೆಗೂ ಕ್ರೈಸ್ತ ಪೂಜೆಯನ್ನೂ ಬಿಡಲಿಲ್ಲ, ಉಪನಿಷತ್ತನ್ನೂ ಬಿಡಲಿಲ್ಲ. ಎರಡರ ನಡುವಣ ಸಂಕಟವನ್ನು ದಿನಚರಿಯಲ್ಲಿ ಬರೆದುಕೊಂಡು 1973ರಲ್ಲಿ ತೀರಿಕೊಂಡರು.

1968ರಲ್ಲಿ ಶಾಂತಿವನವನ್ನು ವಹಿಸಿಕೊಂಡವರು ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್. 1955ರಲ್ಲಿ ಭಾರತಕ್ಕೆ ಬಂದ ಇವರು ಮೊದಲು ಆಶ್ರಮ ಕಟ್ಟಲು ಯತ್ನಿಸಿದ್ದು ನಮ್ಮ ಬೆಂಗಳೂರಿನ ಕೆಂಗೇರಿಯಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದು ನಿಲ್ಲಲಿಲ್ಲ. 1958ರಲ್ಲಿ ಕೇರಳದ ಕುರಿಶುಮಲೆಯ ಆಶ್ರಮವನ್ನು ಕಟ್ಟುವಲ್ಲಿ ಬೆಲ್ಜಿಯಂನ ಫ್ರಾನ್ಸಿಸ್ ಮಾಹ್ಯೂ ಅವರ ಜೊತೆಗೂಡಿದರು. ಆಮೇಲೆ ಕಾವೇರಿ ದಡಕ್ಕೆ ಬಂದರು. ಅವರ ಕಾಲದ ಶಾಂತಿವನದಲ್ಲಿ ಸೂರ್ಯೋದಯ, ಸೂರ್ಯಾಸ್ತಗಳ ಹೊತ್ತು ಧ್ಯಾನಕ್ಕೆ ಮೀಸಲು. ಪ್ರಾರ್ಥನೆಯಲ್ಲಿ ಬೈಬಲಿನ ಕೀರ್ತನೆಗಳ ಜೊತೆಗೆ ಉಪನಿಷತ್ತು, ಗೀತೆಗಳ ಪಠಣ. ಬೆಳಿಗ್ಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ. 1993ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ.

ಇದೇ ಕಾಲದಲ್ಲಿ ಭಾರತವನ್ನು ಕಾಣದೆಯೇ ಯೋಗದತ್ತ ಬಂದ ಸಂನ್ಯಾಸಿಯೊಬ್ಬರು ಯೂರೋಪಿನಲ್ಲಿದ್ದರು. ಬೆಲ್ಜಿಯಂನ ಬ್ರೂಜ್ ಸಮೀಪದ ಮಠದ ಜಾನ್-ಮಾರಿ ದೆಶಾನೆ ಅವರು 12ನೆಯ ಶತಮಾನದ ವಿಲಿಯಂರ ಬರಹಗಳ ವಿದ್ವಾಂಸರು. ಮನುಷ್ಯನಲ್ಲಿ ಪ್ರಾಣ, ಮನಸ್ಸು, ಆತ್ಮ ಎಂಬ ಮೂರು ನೆಲೆಗಳಿವೆ ಎಂದು ವಿಲಿಯಂ ಬೋಧಿಸಿದ್ದರು. ಪ್ರಾರ್ಥನೆಯಲ್ಲಿ ಈ ಮೂರೂ ಒಂದಾಗುವುದು ಹೇಗೆ ಎಂಬ ಪ್ರಶ್ನೆಗೆ ದೆಶಾನೆ ಅವರಿಗೆ ಆಸನ, ಪ್ರಾಣಾಯಾಮಗಳಲ್ಲಿ ಉತ್ತರ ಕಂಡಿತು. 1956ರಲ್ಲಿ ಫ್ರೆಂಚಿನಲ್ಲಿ ಬಂದ ಅವರ ಪುಸ್ತಕ 1960ರಲ್ಲಿ 'ಕ್ರಿಶ್ಚಿಯನ್ ಯೋಗ' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದಿತು. ಯೋಗವನ್ನು ಕ್ರೈಸ್ತಧರ್ಮಕ್ಕೆ ಮತಾಂತರಿಸುವುದು ಅವರ ಗುರಿಯಾಗಿರಲಿಲ್ಲ. ಯೋಗದ ಶಿಸ್ತನ್ನು ಕ್ರೈಸ್ತನ ಪ್ರಾರ್ಥನೆಯ ಸೇವೆಗೆ ತೊಡಗಿಸುವುದಷ್ಟೇ ಅವರ ಉದ್ದೇಶ. ಆ ಹೊತ್ತಿಗಾಗಲೇ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರ ಕೈಯಲ್ಲಿ ಪಳಗಿದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಯೂರೋಪಿಗೆ ಹೋಗಿ ಆಸನಗಳನ್ನು ಕಲಿಸತೊಡಗಿದ್ದರೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ನನ್ನ ಮನಸ್ಸನ್ನು ಅತಿಯಾಗಿ ತಟ್ಟಿದ್ದು ಜಾನ್ ಮೇನ್ ಅವರ ಕಥೆ. 1950ರ ದಶಕದಲ್ಲಿ ಮಲಯಾದಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದಲ್ಲಿದ್ದ ಅವರಿಗೆ ಸ್ವಾಮಿ ಸತ್ಯಾನಂದ ಎಂಬುವವರು ಮಂತ್ರಧ್ಯಾನವನ್ನು ಕಲಿಸಿದರು. ನಿನ್ನ ಧರ್ಮವನ್ನು ಬಿಡಬೇಕಾಗಿಲ್ಲ, ಕ್ರೈಸ್ತ ಪದವೊಂದನ್ನೇ ಮಂತ್ರವಾಗಿ ಹಿಡಿ ಎಂಬುದು ಅವರ ಉಪದೇಶ. ಮುಂದೆ ಲಂಡನ್ನಿನ ಮಠದಲ್ಲಿ ಸಂನ್ಯಾಸಕ್ಕೆ ಸೇರಿದಾಗ, ಇದು ಕ್ರೈಸ್ತ ಪದ್ಧತಿಯಲ್ಲ, ಬಿಡು ಎಂದು ಅಲ್ಲಿನ ಗುರುಗಳು ಆಜ್ಞಾಪಿಸಿದರು. ಮೇನ್ ವಿಧೇಯರಾಗಿ ಬಿಟ್ಟರು. ವರ್ಷಗಳ ಮೇಲೆ, ಕ್ರಿ.ಶ. 5ನೆಯ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಬರೆದ ಮರುಭೂಮಿಯ ಸಂತರ ಸಂವಾದಗಳನ್ನು ಓದುತ್ತಿದ್ದಾಗ, ಒಂದೇ ವಾಕ್ಯವನ್ನು ಬಿಡದೆ ಮನನ ಮಾಡುವ ಅದೇ ಸಾಧನೆ ಅಲ್ಲಿ ಕಂಡಿತು. ಹೊರಗಿನದೆಂದು ಬಿಡಿಸಿದ್ದು ಮನೆಯ ಅಟ್ಟದ ಮೇಲೆಯೇ ಇತ್ತು! 1975ರಿಂದ ಅವರು 'ಮಾರನಾಥ' ಎಂಬ ಅರಮಾಯಿಕ್ ಪದದ ಜಪವನ್ನು ಇತರರಿಗೂ ಕಲಿಸಿದರು. 1982ರಲ್ಲಿ ನಿಧನರಾದರು.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. 1967ರಲ್ಲಿ ಫಾದರ್ ಡಿ.ಎಸ್. ಅಮಲೋರ್ಪವದಾಸರು ಬೆಂಗಳೂರಿನಲ್ಲಿ ಸಭೆಯ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿದರು. ನೆಲದ ಮೇಲೆ ಕುಳಿತು, ಬರಿಗಾಲಲ್ಲಿ, ಪಂಚಾಂಗ ಪ್ರಣಾಮ, ಆರತಿ, ಎಣ್ಣೆದೀಪಗಳೊಡನೆ ಪೂಜೆ ನಡೆಸಲು ರೋಮ್ 1969ರಲ್ಲಿ ಒಪ್ಪಿಗೆ ನೀಡಿತು. ಮುಂದೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡದ್ದು ದೊಡ್ಡ ನಷ್ಟ.

ಆಕ್ಷೇಪಗಳನ್ನು ಹೇಳದೆ ಮುಗಿಸಿದರೆ ಅರ್ಧ ಸತ್ಯವಾದೀತು. ಅವು ಮೂರು ದಿಕ್ಕುಗಳಿಂದ ಬಂದಿವೆ.

ಒಂದು, ಸಭೆಯ ಒಳಗಿನಿಂದ. 1989ರಲ್ಲಿ ವ್ಯಾಟಿಕನ್ನಿನಿಂದ ಕಾರ್ಡಿನಲ್ ರಾಟ್ಸಿಂಗರ್ ಹೊರಡಿಸಿದ ಪತ್ರ, ಅನ್ಯಧರ್ಮಗಳ ಧ್ಯಾನಪದ್ಧತಿಗಳನ್ನು ಕ್ರೈಸ್ತವಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಿಲ್ಲ. ಆದರೆ ದೇಹಕ್ಕೆ ದೊರೆಯುವ ಶಾಂತಿಯನ್ನೇ ದೇವರ ಕೃಪೆಯೆಂದು ಭ್ರಮಿಸಬೇಡಿ ಎಂದು ಎಚ್ಚರಿಸಿತು. ಕೇರಳದ ಸಿರೋ-ಮಲಬಾರ್ ಸಭೆಯ ಸಿದ್ಧಾಂತ ಆಯೋಗವಂತೂ 2018ರಲ್ಲಿ ಯೋಗವೂ ಕ್ರೈಸ್ತ ನಂಬಿಕೆಯೂ ಹೊಂದುವುದಿಲ್ಲವೆಂದೇ ಹೇಳಿತು. ಎರಡು, ಹಿಂದೂಗಳ ಕಡೆಯಿಂದ. ಸೀತಾರಾಮ ಗೋಯಲ್ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಆಶ್ರಮಗಳನ್ನು ಮತಾಂತರದ ಮರೆವೇಷವೆಂದು ಟೀಕಿಸಿದರು. ಕಾವಿಯನ್ನೂ ಓಂಕಾರವನ್ನೂ ಎರವಲು ಪಡೆಯಲು ನಿಮಗೇನು ಹಕ್ಕು ಎಂಬುದು ಅವರ ಪ್ರಶ್ನೆಯ ಸಾರ. ಮೂರು, ದಲಿತ ಕ್ರೈಸ್ತ ಚಿಂತಕರಿಂದ. ನಮ್ಮ ಹಿರಿಯರು ಯಾವ ಸಂಸ್ಕೃತದ ಸಂಸ್ಕೃತಿಯಿಂದ ಹೊರಗಿಡಲ್ಪಟ್ಟಿದ್ದರೋ ಅದನ್ನೇ ಭಾರತೀಯತೆಯೆಂದು ಮತ್ತೆ ನಮ್ಮ ಮೇಲೆ ಹೇರುತ್ತೀರಲ್ಲ ಎಂದು ಅವರು ಕೇಳಿದರು. ಈ ಮೂರನೆಯ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಮರದ ಕೆಳಗೆ ನಿಂತಿದ್ದ ಆ ಹುಡುಗನ ತಾಯಿಯ 'ಬೇಡ' ಎಂಬ ಮಾತಿನ ಹಿಂದೆ ಏನೆಲ್ಲ ಇತ್ತೋ, ಅದನ್ನು ವಿಚಾರಿಸುವ ವ್ಯವಧಾನವೇ ನನಗಿರಲಿಲ್ಲ.

ಇಷ್ಟು ಓದಿದ ಮೇಲೆ ನನಗೆ ತೋರಿದ್ದು ಇಷ್ಟು. ಪತಂಜಲಿಯ ಅಷ್ಟಾಂಗಗಳಲ್ಲಿ ಆಸನವು ಮೂರನೆಯದು. ಅದಕ್ಕೂ ಮುಂಚೆ ಬರುವ ನಿಯಮಗಳಲ್ಲಿ ಈಶ್ವರ ಪ್ರಣಿಧಾನ, ಎಂದರೆ ದೇವರಲ್ಲಿ ಶರಣಾಗುವುದು, ಒಂದು. ಆ ಈಶ್ವರನಿಗೆ ಪತಂಜಲಿ ಶಿವನೆಂದಾಗಲಿ ವಿಷ್ಣುವೆಂದಾಗಲಿ ಹೆಸರಿಡಲಿಲ್ಲ. ದೆಶಾನೆ, ಬೀಡ್, ಜಾನ್ ಮೇನ್ ಮೊದಲಾದವರು ಹೊಕ್ಕದ್ದು ಆ ತೆರೆದ ಬಾಗಿಲಿನಿಂದಲೇ ಎಂದು ನನ್ನ ಭಾವನೆ. ಹೊಕ್ಕವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಹಾಗೆಯೇ ಹೊಸ್ತಿಲಲ್ಲಿ ನಿಂತು, ನನ್ನ ಪ್ರಾರ್ಥನೆ ನನಗೆ ಸಾಕು ಎಂದು ಹಿಂದಿರುಗಿದವರನ್ನು ಸಂಕುಚಿತರೆನ್ನಲೂ ಮನಸ್ಸಿಲ್ಲ. ಇಬ್ಬರೂ ಯೋಗವನ್ನು ಗಂಭೀರವಾಗಿ ತೆಗೆದುಕೊಂಡವರು. 'ಬರೀ ಕಸರತ್ತು' ಎಂದ ನಾನೊಬ್ಬನೇ ಅದನ್ನು ಹಗುರವಾಗಿ ಕಂಡವನು. ನನ್ನ ಪರಂಪರೆಯನ್ನೂ ಸಣ್ಣದಾಗಿಸಿದೆ, ಆ ಮಗುವಿನ ಭಯಭಕ್ತಿಯನ್ನೂ ಸಣ್ಣದಾಗಿಸಿದೆ.

ಮೊನ್ನೆ ಅವನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಕ್ಷಮೆಯನ್ನೂ ಕೇಳಿದೆ. "ಅಯ್ಯೋ, ಬಿಡಿ ಸಾರ್" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮನಿಗೂ ಒಂದು ಮಾತು ಹೇಳ್ತೀರಾ?" ಎಂದು ಕೇಳಿದ. ಆಕೆಗೆ ಈಗ ಎಂಬತ್ತು ದಾಟಿದೆ. ಯೋಗ ಒಳ್ಳೆಯದೆಂದು ವಾದಿಸಲು ನಾನು ಹೋಗುವುದಿಲ್ಲ. ಅಂದು ನಿಮ್ಮ ಮಾತಿಗೆ ಬೆಲೆ ಕೊಡದೆ ನಿಮ್ಮ ಮಗನನ್ನು ಸಾಲಿಗೆ ಎಳೆದದ್ದು ತಪ್ಪಾಯಿತಮ್ಮಾ ಎಂದಷ್ಟೇ ಹೇಳಿ ಬರುತ್ತೇನೆ. ಬರುವ ಭಾನುವಾರ ಹೋಗುವವನಿದ್ದೇನೆ.